ಒಂಬತ್ತನೇ ಕ್ಲಾಸು ಸುಮ್ನೆ ಕಳೆದುಹೋಗಬಾರದು ಅಂದರೆ

ಕಳೆದ ವರ್ಷ ನವೆಂಬರ್‌ನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಅವಳಮ್ಮ ನನ್ನ ಹತ್ತಿರ ಟ್ಯೂಷನ್‌ಗೆ ಕರೆದುಕೊಂಡು ಬಂದರು. "ವರ್ಗಸಮೀಕರಣ ಇವಳ ತಲೆಗೇ ಹತ್ತುತ್ತಿಲ್ಲ ಮಿಸ್" ಅಂದರು. ನಾನು ಹತ್ತರ ಪುಸ್ತಕ ತೆಗೆಯಲಿಲ್ಲ. "ಗುಣಿಸಿದರೆ 6, ಕೂಡಿದರೆ 5. ಯಾವ ಎರಡು ಸಂಖ್ಯೆ ಹೇಳಮ್ಮ" ಅಂದೆ. "ಎರಡು, ಮೂರು" ಅಂದಳು ಪಟ್ಟನೆ. "ಗುಣಿಸಿದರೆ ಮೈನಸ್ 12, ಕೂಡಿದರೆ 1?" ಪೆನ್ನಿನ ಕ್ಯಾಪ್ ಕಚ್ಚುತ್ತಾ ಕೂತಳು. ಐದು ನಿಮಿಷ ಆಯಿತು, ಉತ್ತರ ಬರಲಿಲ್ಲ. (4 ಮತ್ತು ಮೈನಸ್ 3.)

ಅವಳಿಗೆ ವರ್ಗಸಮೀಕರಣ ಕಷ್ಟ ಆಗಿರಲಿಲ್ಲ. ಒಂಬತ್ತರ ಬಹುಪದೋಕ್ತಿ ಪಾಠದಲ್ಲಿ ಹೀಗೆ ಎರಡು ಸಂಖ್ಯೆ ಹುಡುಕಿ ಮಧ್ಯದ ಪದ ಒಡೆಯುವುದನ್ನು ಕಲಿಸುತ್ತಾರಲ್ಲ, ಅದು ಬಿಟ್ಟುಹೋಗಿತ್ತು. ಹತ್ತರಲ್ಲಿ ಕಾಣುವ ತೊಂದರೆಯ ಬೇರು ಹೆಚ್ಚಿನ ಸಲ ಒಂಬತ್ತರಲ್ಲೇ ಇರುತ್ತದೆ. ಎಂಟನೇ ಕ್ಲಾಸು ಹೊಸ ಹೈಸ್ಕೂಲು ಅನ್ನುವ ಖುಷಿಯಲ್ಲಿ ಹೋಗುತ್ತದೆ, ಹತ್ತು ಬೋರ್ಡ್ ಪರೀಕ್ಷೆಯ ಹೆದರಿಕೆಯಲ್ಲಿ ಹೋಗುತ್ತದೆ. ನಡುವಿನ ಒಂಬತ್ತನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಆ ವರ್ಷವನ್ನು ಹೇಗೆ ನಡೆಸಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಾನು ಹೇಳುತ್ತಿರುವುದು ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳ ಬಗ್ಗೆ.

ಮೊದಲು ಏನೇನಿದೆ ನೋಡಿಕೊಳ್ಳಿ

ವಿಷಯ ಆರು: ಪ್ರಥಮ ಭಾಷೆ, ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ನಮ್ಮ ಕಡೆ ಬಹುಪಾಲು ಮಕ್ಕಳಿಗೆ ಕನ್ನಡ, ಇಂಗ್ಲಿಷ್, ಹಿಂದಿ, ಇದೇ ಸಾಲು. ಎಸ್ಸೆಸ್ಸೆಲ್ಸಿಯಲ್ಲಿ ನಾವು ಕೇಳುತ್ತಾ ಬಂದ 625ರ ಲೆಕ್ಕ ಹೀಗೆ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಅಂದರೆ ಎಲ್ಲಕ್ಕಿಂತ ಜಾಸ್ತಿ ಅಂಕ ಇರುವುದು ಪ್ರಥಮ ಭಾಷೆಗೆ. ಆದರೂ "ಕನ್ನಡ ತಾನೇ, ಓದ್ಕೋತಾನೆ ಬಿಡಿ" ಅನ್ನುವವರೇ ಹೆಚ್ಚು.

ವರ್ಷದಲ್ಲಿ ನಾಲ್ಕು ಎಫ್‌ಎ (ನಡುನಡುವೆ ಬರುವ ಚಿಕ್ಕ ಪರೀಕ್ಷೆ), ಎರಡು ಎಸ್‌ಎ (ದೊಡ್ಡ ಪರೀಕ್ಷೆ). ಎರಡು ಎಫ್‌ಎ ಮುಗಿದ ಮೇಲೆ ದಸರಾ ರಜೆಯ ಹೊತ್ತಿಗೆ ಮೊದಲ ಎಸ್‌ಎ, ಇನ್ನೆರಡು ಎಫ್‌ಎ ಆದ ಮೇಲೆ ವರ್ಷದ ಕೊನೆಗೆ ಎರಡನೆಯದು. ಈ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಗುರುತು ಮಾಡಿ. ಪಾಠಗಳ ಕ್ರಮ ವರ್ಷ ವರ್ಷ ಸ್ವಲ್ಪ ಆಚೀಚೆ ಆಗುತ್ತಿರುತ್ತದೆ. ಹಾಗಾಗಿ ಅಣ್ಣನ ಹಳೇ ಪುಸ್ತಕ ನೋಡಿ ಲೆಕ್ಕ ಹಾಕಬೇಡಿ, ಈ ವರ್ಷ ಕೊಟ್ಟ ಪುಸ್ತಕದ ಪರಿವಿಡಿ ನೋಡಿ. ಪುಸ್ತಕ ಬರುವುದು ತಡವಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ.

ಅರ್ಧ ಗಂಟೆಯ ತಪಾಸಣೆ

ಜೂನ್ ತಿಂಗಳ ಒಂದು ಭಾನುವಾರ ಮಗುವನ್ನು ಕೂರಿಸಿಕೊಂಡು ಈ ಏಳು ಕೆಲಸ ಮಾಡಿಸಿ. ಪುಸ್ತಕ ನೋಡುವ ಹಾಗಿಲ್ಲ. ಮೊಬೈಲ್ ಇನ್ನೊಂದು ರೂಮಿನಲ್ಲಿರಲಿ.

1. ಮೈನಸ್ 7ರಿಂದ ಮೈನಸ್ 3 ಕಳೆದರೆ ಎಷ್ಟು?
2. 2/3 ಮತ್ತು 3/4 ಕೂಡಿಸು.
3. ಒಂದು ಸಂಖ್ಯೆಯ ಮೂರರಷ್ಟರಲ್ಲಿ 5 ಕಳೆದರೆ 16. ಆ ಸಂಖ್ಯೆ ಯಾವುದು?
4. ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಎಷ್ಟು ಮೀಟರ್?
5. ನಿನ್ನೆ ಏನಾಯಿತು, ಹತ್ತು ವಾಕ್ಯ ಕನ್ನಡದಲ್ಲಿ ಬರಿ.
6. ಎಂಟನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಓದಿ, ಏನು ಹೇಳಿದೆ ಅಂತ ಕನ್ನಡದಲ್ಲಿ ಹೇಳು.
7. ಕರ್ನಾಟಕದ ನಕ್ಷೆ ಬಿಡಿಸಿ ನಮ್ಮ ಜಿಲ್ಲೆ ತೋರಿಸು.

ಮೊದಲ ನಾಲ್ಕಕ್ಕೆ ಉತ್ತರ ಮೈನಸ್ 4, 17/12, 7, 15. ಮೊದಲನೆಯದಕ್ಕೆ ಮೈನಸ್ 10 ಅಂತಲೂ, ಎರಡನೆಯದಕ್ಕೆ 5/7 ಅಂತಲೂ ಬಂದರೆ ಗಾಬರಿ ಬೇಡ, ಬೈಯುವುದಂತೂ ಬೇಡವೇ ಬೇಡ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಅರ್ಧದಷ್ಟು ಜನ ಇದನ್ನೇ ಬರೆಯುತ್ತಾರೆ. ಎಲ್ಲಿ ತೂತು ಇದೆ ಅಂತ ಗೊತ್ತಾಯಿತಲ್ಲ, ಅದೇ ಲಾಭ. ಭಿನ್ನರಾಶಿ, ಮೈನಸ್ ಚಿಹ್ನೆ ಎರಡನ್ನೂ ದಿನಕ್ಕೆ ಹತ್ತು ಲೆಕ್ಕದ ಹಾಗೆ ಹದಿನೈದು ದಿನ ಮಾಡಿಸಿದರೆ ಸರಿ ಹೋಗುತ್ತದೆ. ಇದನ್ನು ಮಾಡದೆ ಒಂಬತ್ತರ ಪಾಠಕ್ಕೆ ಹೋದರೆ ಮಗು ಹೊಸ ಪಾಠ ಅರ್ಥ ಮಾಡಿಕೊಂಡರೂ ಉತ್ತರ ತಪ್ಪಾಗುತ್ತದೆ. ಆಮೇಲೆ "ನನಗೆ ಗಣಿತ ಬರಲ್ಲ" ಅಂತ ತಾನೇ ತೀರ್ಮಾನ ಮಾಡಿಬಿಡುತ್ತದೆ.

ಗಣಿತ: ದಿನವೂ, ಸ್ವಲ್ಪವೇ

ಗಣಿತಕ್ಕೆ ವಾರದ ರಜೆ ಇಲ್ಲ. ದಿನಕ್ಕೆ ಮೂವತ್ತೈದು-ನಲವತ್ತು ನಿಮಿಷ ಸಾಕು. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂರಿಸುವುದರಿಂದ ಏನೂ ಉಪಯೋಗ ಇಲ್ಲ.

ಎಲ್ಲ ಪಾಠಕ್ಕೂ ಒಂದೇ ತೂಕ ಕೊಡಬೇಡಿ. ಹತ್ತರಲ್ಲಿ ಮುಂದುವರಿಯುವ ಪಾಠಗಳು ಮೊದಲು ಗಟ್ಟಿಯಾಗಲಿ. ಬಹುಪದೋಕ್ತಿ ಬಂದರೆ ವರ್ಗಸಮೀಕರಣ ಬರುತ್ತದೆ. ಎರಡು ಚರಾಕ್ಷರದ ರೇಖಾತ್ಮಕ ಸಮೀಕರಣ ಇಲ್ಲಿ ಒಂಟಿ, ಅಲ್ಲಿ ಜೋಡಿ. ನಿರ್ದೇಶಾಂಕ ರೇಖಾಗಣಿತದಲ್ಲಿ ಇಲ್ಲಿ ಬಿಂದು ಗುರುತಿಸುವುದು, ಅಲ್ಲಿ ಎರಡು ಬಿಂದುಗಳ ದೂರ ಕಂಡುಹಿಡಿಯುವುದು. ತ್ರಿಭುಜದಲ್ಲಿ ಇಲ್ಲಿ ಸರ್ವಸಮತೆ, ಅಲ್ಲಿ ಸಮರೂಪತೆ.

ಒಂದು ತಪ್ಪನ್ನು ಹತ್ತಿರದಿಂದ ತೋರಿಸುತ್ತೇನೆ. ಎರಡು ಪದ ಕೂಡಿಸಿ ವರ್ಗ ಮಾಡು ಅಂದರೆ ಮಕ್ಕಳು ಎರಡರ ಮೇಲೂ ಒಂದೊಂದು ವರ್ಗ ಹಾಕಿ ಕೂಡಿಸಿ ಮುಗಿಸುತ್ತಾರೆ. ಸೂತ್ರವನ್ನು ಹತ್ತು ಸಲ ಬರೆಸಿದರೂ ಮುಂದಿನ ವಾರ ಅದೇ ತಪ್ಪು. ನಾನು ಗ್ರಾಫ್ ಹಾಳೆ ಕೊಡುತ್ತೇನೆ. ಮೂರು ಕೂಡಿಸು ನಾಲ್ಕು ಏಳಲ್ಲವಾ, ಏಳಕ್ಕೆ ಏಳು ಚೌಕ ಬಿಡಿಸು. ಮೂರನೇ ಗೆರೆಯಲ್ಲಿ ಅಡ್ಡ ಒಂದು, ಉದ್ದ ಒಂದು ಗೀಟು ಹಾಕು. ಈಗ ನಾಲ್ಕು ತುಂಡು. ಒಂದರಲ್ಲಿ 9 ಮನೆ, ಇನ್ನೊಂದರಲ್ಲಿ 16 ಮನೆ, ಒಟ್ಟು 25. ಆದರೆ ಇಡೀ ಚೌಕದಲ್ಲಿ ಇರುವುದು 49. ಉಳಿದ 24 ಎಲ್ಲಿ ಹೋಯಿತು? ಇನ್ನೆರಡು ಆಯತಗಳಲ್ಲಿ, ತಲಾ 12. ಸೂತ್ರದ ನಡುವಿನ ಪದ ಅಂದರೆ ಇದೇ. ಹಾಗೆ ಒಂದು ಸಲ ಬಣ್ಣ ಹಚ್ಚಿದ ಮಗು ಆ ನಡುವಿನ ಪದವನ್ನು ಮತ್ತೆ ಮರೆತಿದ್ದು ನಾನು ಕಂಡಿಲ್ಲ.

ಪ್ರಮೇಯ ಅಂದರೆ ಉರು ಹೊಡೆಯುವುದು ಅಂತ ಮಕ್ಕಳು ತಿಳಿದಿದ್ದಾರೆ. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಬರೆಸಿ, ಸಾಧನೆಯ ಪ್ರತಿ ಸಾಲಿನ ಬಲಗಡೆ "ಯಾಕೆ?" ಅನ್ನುವುದಕ್ಕೆ ಉತ್ತರ ಬರೆಸಿ. ಯಾಕೆ ಅಂತ ಹೇಳೋಕೆ ಬರದ ಸಾಲು ಉರು ಹೊಡೆದದ್ದೇ.

ಹೆರಾನನ ಸೂತ್ರದ ಪಾಠ ಚಿಕ್ಕದು, ಆದರೆ ನನಗಿಷ್ಟ. ಮೂರು ಬಾಹು ಗೊತ್ತಿದ್ದರೆ ಎತ್ತರ ಅಳೆಯದೇ ವಿಸ್ತೀರ್ಣ ಸಿಗುತ್ತದೆ. 13, 14, 15 ಅಡಿಯ ತ್ರಿಭುಜ ತೆಗೆದುಕೊಳ್ಳಿ. ಒಟ್ಟು 42, ಅರ್ಧ 21. 21ರಿಂದ ಒಂದೊಂದೇ ಬಾಹು ಕಳೆದರೆ 8, 7, 6. 21, 8, 7, 6 ನಾಲ್ಕನ್ನೂ ಗುಣಿಸಿದರೆ 7056, ವರ್ಗಮೂಲ 84. ಅಷ್ಟು ಚದರಡಿ. ನಿಮ್ಮ ಊರಿನಲ್ಲಿ ಸೊಟ್ಟಗಿರುವ ಸೈಟ್ ಯಾವುದಾದರೂ ಇದ್ದರೆ ಮಗುವನ್ನು ಟೇಪ್ ಸಮೇತ ಕರೆದುಕೊಂಡು ಹೋಗಿ. ನಾಲ್ಕು ಪಕ್ಕ ಅಳೆದರೆ ಸಾಕಾಗುವುದಿಲ್ಲ, ಒಂದು ಮೂಲೆಯಿಂದ ಎದುರು ಮೂಲೆಗೂ ಅಳೆಯಬೇಕು. ಆಗ ಎರಡು ತ್ರಿಭುಜ ಸಿಗುತ್ತವೆ. ನಾಲ್ಕು ಪಕ್ಕದ ಅಳತೆ ಅಷ್ಟೇ ಇದ್ದರೂ ಸೈಟಿನ ಆಕಾರ ಬದಲಾಗಬಹುದು, ವಿಸ್ತೀರ್ಣವೂ ಬದಲಾಗುತ್ತದೆ. ಸೈಟ್ ಕೊಳ್ಳುವ ದೊಡ್ಡವರಿಗೂ ಇದು ಗೊತ್ತಿರುವುದಿಲ್ಲ!

ವಿಜ್ಞಾನ: ಒಂದೇ ಪುಸ್ತಕ, ಮೂರು ರೀತಿಯ ಓದು

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಒಂದೇ ಥರ ಓದಿದರೆ ಮೂರೂ ಅರ್ಧಂಬರ್ಧ ಆಗುತ್ತವೆ.

ಜೀವಶಾಸ್ತ್ರವನ್ನು ಚಿತ್ರದಿಂದ ಶುರು ಮಾಡಿ. ಜೀವಕೋಶ, ಅಂಗಾಂಶ ಪಾಠಗಳಲ್ಲಿ ಮೊದಲು ಚಿತ್ರ ಬಿಡಿಸಿ, ಭಾಗ ಗುರುತಿಸಿ, ಆಮೇಲೆ ಪ್ರತಿ ಭಾಗದ ಬಗ್ಗೆ ಎರಡೆರಡು ವಾಕ್ಯ. ಗುರುತಿನ ಗೆರೆಗಳು ಒಂದನ್ನೊಂದು ದಾಟಬಾರದು, ಪೆನ್ಸಿಲ್ ಚೂಪಾಗಿರಲಿ. ಅಷ್ಟೇ.

ರಸಾಯನಶಾಸ್ತ್ರದಲ್ಲಿ ಉರು ಹೊಡೆಯಲೇಬೇಕಾದ ಒಂದು ಚಿಕ್ಕ ಪಟ್ಟಿ ಇದೆ: ಮೊದಲ 20 ಧಾತುಗಳ ಹೆಸರು, ಸಂಕೇತ, ಎಲೆಕ್ಟ್ರಾನ್ ಹಂಚಿಕೆ. ಸೋಡಿಯಂ 2, 8, 1. ಕ್ಯಾಲ್ಸಿಯಂ 2, 8, 8, 2. ಇದು ಬಂದರೆ ವೇಲೆನ್ಸಿ (ಒಂದು ಧಾತು ಬೇರೆಯದರ ಜೊತೆ ಸೇರುವ ಸಾಮರ್ಥ್ಯ) ತಾನಾಗಿ ಬರುತ್ತದೆ, ವೇಲೆನ್ಸಿ ಬಂದರೆ ಅಣುಸೂತ್ರ ಬರುತ್ತದೆ. ಅಲ್ಯೂಮಿನಿಯಂನದು 3, ಆಕ್ಸಿಜನ್‌ನದು 2. ಅಡ್ಡಡ್ಡ ದಾಟಿಸಿದರೆ ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್. ಹತ್ತರ ಮೊದಲ ರಸಾಯನ ಪಾಠವೇ ರಾಸಾಯನಿಕ ಸಮೀಕರಣ. ಅಣುಸೂತ್ರ ಬರೆಯಲು ಬಾರದ ಮಗು ಅಲ್ಲಿ ಮೊದಲ ದಿನವೇ ಹಿಂದೆ ಬೀಳುತ್ತದೆ.

ಭೌತಶಾಸ್ತ್ರಕ್ಕೆ ಸೂತ್ರಕ್ಕಿಂತ ಮೊದಲು ನಕ್ಷೆ, ಅಂದರೆ ಗ್ರಾಫ್. ಸ್ಟಾಪಿನಿಂದ ಬಸ್ ಹೊರಟಿತು. 10 ಸೆಕೆಂಡಿನಲ್ಲಿ ಗಂಟೆಗೆ 54 ಕಿಲೋಮೀಟರ್ ವೇಗ ಮುಟ್ಟಿತು, ಅಂದರೆ ಸೆಕೆಂಡಿಗೆ 15 ಮೀಟರ್. ವೇಗ ಒಂದೇ ಸಮನೆ ಏರಿತು ಅಂದುಕೊಳ್ಳಿ. ವೇಗ-ಕಾಲ ನಕ್ಷೆಯಲ್ಲಿ ಇದು ಮೇಲಕ್ಕೆ ಏರುವ ಒಂದು ನೇರ ಗೆರೆ. ಗೆರೆಯ ಏರು ಎಷ್ಟಿದೆಯೋ ಅದೇ ವೇಗೋತ್ಕರ್ಷ: 15ನ್ನು 10ರಿಂದ ಭಾಗಿಸಿ, 1.5. ಗೆರೆಯ ಕೆಳಗಿನ ತ್ರಿಭುಜದ ವಿಸ್ತೀರ್ಣವೇ ಬಸ್ ಹೋದ ದೂರ: 10 ಗುಣಿಸು 15, ಅದರಲ್ಲಿ ಅರ್ಧ, 75 ಮೀಟರ್. ಚಲನೆಯ ಸಮೀಕರಣಗಳು ಹುಟ್ಟುವುದು ಇದೇ ನಕ್ಷೆಯಿಂದ. ನಕ್ಷೆ ಅರ್ಥವಾದವರಿಗೆ ಸೂತ್ರ ಮರೆತರೂ ದಾರಿ ಸಿಗುತ್ತದೆ.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ಮಗ ಒಂಬತ್ತರಲ್ಲಿದ್ದಾಗ ಜನವರಿಗೇ ಹತ್ತರ ಪುಸ್ತಕ ತಂದು ಶುರು ಮಾಡಿಸಿದೆ. ಗುರುತ್ವ, ಕೆಲಸ ಮತ್ತು ಶಕ್ತಿ, ಶಬ್ದ ಮೂರನ್ನೂ "ಹತ್ತರಲ್ಲಿ ಇಲ್ವಲ್ಲ, ಸುಮ್ನೆ ಓದ್ಕೊಂಡು ಹೋಗು" ಅಂತ ಹಾರಿಸಿದೆ. ಹತ್ತರಲ್ಲಿ ಇಲ್ಲದಿರುವುದು ನಿಜವೇ. ಅಲ್ಲಿ ಬೆಳಕು, ವಿದ್ಯುತ್, ಕಾಂತತ್ವ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕವೂ ಬಂತು. ಫಸ್ಟ್ ಪಿಯುಸಿಯ ಭೌತಶಾಸ್ತ್ರ ಶುರುವಾದಾಗ ಎರಡು ವರ್ಷದ ಹಿಂದೆ ಹಾರಿಸಿದ್ದೆಲ್ಲಾ ಒಟ್ಟಿಗೆ ಎದುರು ನಿಂತಿತು: ಗುರುತ್ವ, ಕೆಲಸ, ಶಕ್ತಿ, ಶಬ್ದ, ಅದೂ ಇಂಗ್ಲಿಷಿನಲ್ಲಿ. ಆ ವರ್ಷ ಅವನು ಪಟ್ಟ ಪಾಡು ನೋಡಿದ ಮೇಲೆ ಯಾವ ಮಗುವಿಗೂ ಒಂಬತ್ತರ ಪಾಠ ಹಾರಿಸು ಅಂತ ಹೇಳಿಲ್ಲ.

ಕನ್ನಡ ಮಾಧ್ಯಮದ ಮಕ್ಕಳು ಇದಕ್ಕೆ ಈಗಲೇ ಒಂದು ತಯಾರಿ ಮಾಡಿಕೊಳ್ಳಬಹುದು. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎರಡು ಕಾಲಂ ಹಾಕಿ, ಪಾಠ ಆದ ಹಾಗೆ ಪದ ಜೋಡಿಸುತ್ತಾ ಹೋಗಿ. ವೇಗೋತ್ಕರ್ಷದ ಎದುರು ಆಕ್ಸಲರೇಷನ್, ಸಂವೇಗದ ಎದುರು ಮೊಮೆಂಟಮ್, ಅಂಗಾಂಶದ ಎದುರು ಟಿಶ್ಯೂ, ಬಹುಪದೋಕ್ತಿಯ ಎದುರು ಪಾಲಿನಾಮಿಯಲ್. ಸ್ಪೆಲ್ಲಿಂಗನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ವಿಷಯ ಗೊತ್ತಿದ್ದೂ ಪದ ಗೊತ್ತಿಲ್ಲದೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಜಾಣರನ್ನು ಬೇಕಾದಷ್ಟು ನೋಡಿದ್ದೇನೆ.

ಕನ್ನಡ: ವ್ಯಾಕರಣ ಬೀದಿಯಲ್ಲಿದೆ

ಗದ್ಯ-ಪದ್ಯದ ಪ್ರಶ್ನೋತ್ತರ ಶಾಲೆಯಲ್ಲೇ ಆಗುತ್ತದೆ. ಮನೆಯಲ್ಲಿ ಎರಡು ಕೆಲಸ ಸಾಕು: ವ್ಯಾಕರಣ ಮತ್ತು ಸ್ವಂತ ಬರವಣಿಗೆ.

ಸಂಧಿ ಕಲಿಸುವುದಕ್ಕೆ ಪುಸ್ತಕದ ಉದಾಹರಣೆಗಳಿಗಿಂತ ಬೀದಿಯ ಬೋರ್ಡು ವಾಸಿ. ಜಾತ್ರೆ ಬ್ಯಾನರ್‌ನಲ್ಲಿ "ರಥೋತ್ಸವ" ಇದೆ: ರಥ, ಉತ್ಸವ, ಗುಣಸಂಧಿ. "ಗ್ರಂಥಾಲಯ" ಬೋರ್ಡು ಕಂಡಿತಾ? ಗ್ರಂಥ, ಆಲಯ, ಸವರ್ಣದೀರ್ಘ. ಮನೆಯೊಳಗೆ ಬನ್ನಿ. "ಮನೆಯಲ್ಲಿ" ಅನ್ನುವಾಗ ಒಂದು ಯಕಾರ ಬಂದು ಸೇರಿತು, ಆಗಮ. "ಊರಲ್ಲಿ" ಅನ್ನುವಾಗ ಊರು ಪದದ ಉಕಾರ ಬಿದ್ದುಹೋಯಿತು, ಲೋಪ. "ಮಳೆಗಾಲ"ದಲ್ಲಿ ಕಾಲ ಹೋಗಿ ಗಾಲ ಆಯಿತು, ಆದೇಶ. ಬಸ್ಸಿನಲ್ಲಿ ಹೋಗುವಾಗ ನಾನು ನನ್ನ ಅಕ್ಕನ ಮಗಳ ಜೊತೆ ಈ ಆಟ ಆಡುತ್ತೇನೆ. ಹತ್ತು ಬೋರ್ಡು ಬಿಡಿಸಿದರೆ ಒಂದು ಕಡ್ಲೆಮಿಠಾಯಿ.

ಛಂದಸ್ಸು ಅಂದರೆ ಮಕ್ಕಳಿಗೆ ಭಯ. ಪ್ರಸ್ತಾರ ಹಾಕುವುದು ಸುಲಭ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ, ಅನುಸ್ವಾರ ಇರುವುದು, ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ. ನಾನು ಮಕ್ಕಳಿಗೆ ಈ ಸಾಲು ಕೊಡುತ್ತೇನೆ:

ಅಮ್ಮ ಮಲ್ಲಿಗೆ ತಂದು ಮುಡಿಸಲು

"ಅಮ್ಮ": ಅ ಅಕ್ಷರದ ಮುಂದೆ ಒತ್ತು ಬಂದಿದೆ, ಹಾಗಾಗಿ ಅದು ಎರಡು, ಮ್ಮ ಒಂದು, ಒಟ್ಟು ಮೂರು. "ಮಲ್ಲಿಗೆ": ಎರಡು, ಒಂದು, ಒಂದು, ನಾಲ್ಕು. "ತಂದು": ಎರಡು, ಒಂದು, ಮೂರು. "ಮುಡಿಸಲು": ನಾಲ್ಕೂ ಲಘು, ನಾಲ್ಕು. ಮೂರು-ನಾಲ್ಕು-ಮೂರು-ನಾಲ್ಕು. ಇದೇ ಭಾಮಿನಿ ಷಟ್ಪದಿಯ ನಡಿಗೆ. ಅದರ ಒಂದು, ಎರಡು, ನಾಲ್ಕು, ಐದನೇ ಸಾಲುಗಳೆಲ್ಲಾ ಹೀಗೇ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ ಇನ್ನೊಂದು ಮೂರು-ನಾಲ್ಕು, ಕೊನೆಗೊಂದು ಗುರು. ಮೊದಲು ಚಪ್ಪಾಳೆ ತಟ್ಟಿ ಹೇಳಿಸಿ, ಆಮೇಲೆ ಗುರುತು ಹಾಕಿಸಿ. ತಮ್ಮದೇ ಒಂದು ಸಾಲು ಕಟ್ಟಿಸಿ. ಒಬ್ಬ ಹುಡುಗ "ದೋಸೆ ಕಾವಲಿ ಮೇಲೆ ಸುಡುತಿದೆ" ಅಂತ ಕಟ್ಟಿದ. ಲೆಕ್ಕ ಹಾಕಿ ನೋಡಿ, ಸರಿಯಾಗಿದೆ.

ಸ್ವಂತ ಬರವಣಿಗೆಗೆ ವಾರಕ್ಕೊಂದು ಪುಟ. ಪ್ರಬಂಧದ ಗೈಡ್ ಬೇಡ. ಬಸ್ ತಪ್ಪಿದ್ದು, ಕರೆಂಟ್ ಹೋದ ರಾತ್ರಿ, ಅಜ್ಜಿಯ ಕಣ್ಣಿನ ಆಪರೇಷನ್, ಏನಾದರೂ ಇರಲಿ.

ಇಂಗ್ಲಿಷ್, ಹಿಂದಿ

ಇಂಗ್ಲಿಷಿಗೆ ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದುವುದು, ವಾರಕ್ಕೊಂದು ಪತ್ರ ಬರೆಯುವುದು. ನೋಟ್ಸ್ ಉರು ಹೊಡೆದ ಮಗು ಪ್ರಶ್ನೆಯ ಒಂದು ಪದ ಬದಲಾದರೂ ತಡವರಿಸುತ್ತದೆ. ಅದಕ್ಕೇ ಪಾಠದ ಪ್ರಶ್ನೆಗೆ ಮೊದಲು ಬಾಯಲ್ಲಿ ಉತ್ತರ ಹೇಳಿಸಿ, ಆಮೇಲೆ ಬರೆಸಿ.

ಹಿಂದಿಯಲ್ಲಿ ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದು ಲಿಂಗದಲ್ಲಿ. ಕನ್ನಡದಲ್ಲಿ ರೊಟ್ಟಿಯೂ ನಪುಂಸಕ, ಮಾವಿನಹಣ್ಣೂ ನಪುಂಸಕ. ಹಿಂದಿಯಲ್ಲಿ ರೋಟೀ ಹೆಣ್ಣು, ಆಮ್ ಗಂಡು. ಅದಕ್ಕೇ "ಮೋಹನ್ ನೇ ರೋಟೀ ಖಾಯೀ", ಆದರೆ "ಮೋಹನ್ ನೇ ಆಮ್ ಖಾಯಾ". ತಿಂದವನು ಅದೇ ಮೋಹನ, ಕ್ರಿಯಾಪದ ಮಾತ್ರ ತಿಂದ ವಸ್ತುವಿನ ಹಿಂದೆ ಹೋಯಿತು. ಹೊಸ ಪದ ಬರೆದುಕೊಳ್ಳುವಾಗಲೇ ಲಿಂಗವನ್ನೂ ಬರೆದುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಸಮಾಜ: ಆರು ಪಾಲು, ಒಂದು ನಕ್ಷೆ

ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಎಲ್ಲಾ ಒಂದೇ ವಿಷಯದ ಹೊಟ್ಟೆಯಲ್ಲಿವೆ. ಪುಟ ಜಾಸ್ತಿ, ಹಾಗಾಗಿ ಕೊನೆಗೆ ಇಟ್ಟುಕೊಂಡರೆ ಮುಗಿಯುವುದಿಲ್ಲ. ವಾರಕ್ಕೆ ಒಂದು ಪಾಠ, ಪಾಠಕ್ಕೆ ಒಂದು ಪುಟದ ಟಿಪ್ಪಣಿ, ಅಷ್ಟರಲ್ಲೇ ಇರಲಿ. ಇಸವಿಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯುವ ಬದಲು ಗೋಡೆಗೆ ಉದ್ದ ಹಾಳೆ ಅಂಟಿಸಿ ಒಂದು ಗೆರೆ ಎಳೆದು ಅದರ ಮೇಲೆ ಬರೆಯುತ್ತಾ ಹೋಗಲಿ.

ಭೂಗೋಳದಲ್ಲಿ ನಮ್ಮ ರಾಜ್ಯದ ನಕ್ಷೆ ಕೈಯಲ್ಲಿ ಕೂರಬೇಕು. ಮೊದಲ ವಾರ ಬರೀ ಹೊರಗೆರೆ. ಎರಡನೇ ವಾರ ಪಶ್ಚಿಮ ಘಟ್ಟ ಮತ್ತು ನದಿಗಳು: ಕೃಷ್ಣಾ, ತುಂಗಭದ್ರಾ, ಕಾವೇರಿ ಪೂರ್ವಕ್ಕೆ ಹರಿಯುತ್ತವೆ. ಕಾಳಿ ಕಾರವಾರದ ಹತ್ತಿರ, ಶರಾವತಿ ಹೊನ್ನಾವರದಲ್ಲಿ, ನೇತ್ರಾವತಿ ಮಂಗಳೂರಿನಲ್ಲಿ ಸಮುದ್ರ ಸೇರುತ್ತವೆ. ಮೂರನೇ ವಾರ ಮಣ್ಣು, ಬೆಳೆ. ನಾಲ್ಕನೇ ವಾರ ಜಿಲ್ಲೆಗಳು. ಮನೆಯಲ್ಲಿ ಹಳೆಯ ಗೋಡೆ ನಕ್ಷೆ ಇದ್ದರೆ ಅದರಲ್ಲಿ ವಿಜಯನಗರ ಜಿಲ್ಲೆ ಇದೆಯಾ ನೋಡಿ. ಅದು 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ 31ನೇ ಜಿಲ್ಲೆಯಾಯಿತು. ಇಲ್ಲದಿದ್ದರೆ ಮಗುವಿನ ಕೈಲೇ ಗೆರೆ ಹಾಕಿಸಿ.

ವಾರದ ಲೆಕ್ಕ ಮತ್ತು ತಪ್ಪಿನ ಪುಸ್ತಕ

ಶಾಲೆ ಇರುವ ದಿನ ಮನೆಯಲ್ಲಿ ಒಂದೂವರೆಯಿಂದ ಎರಡು ಗಂಟೆ ಸಾಕು. ಗಣಿತ ದಿನವೂ. ವಿಜ್ಞಾನ ಸೋಮ, ಬುಧ, ಶುಕ್ರ. ಸಮಾಜ ಮಂಗಳ, ಗುರು. ಭಾಷೆಗಳಿಗೆ ದಿನಕ್ಕೆ ಅರ್ಧ ಗಂಟೆ, ಒಂದೊಂದು ದಿನ ಒಂದೊಂದು. ಶನಿವಾರ ಮಧ್ಯಾಹ್ನ ಆ ವಾರ ಅರ್ಥವಾಗದ್ದು ಮಾತ್ರ. ಭಾನುವಾರ ಆಟಕ್ಕೆ ಬಿಡಿ, ಗಣಿತದ ಅರ್ಧ ಗಂಟೆ ಮುಗಿಸಿ ಹೋಗಲಿ.

ಇನ್ನೊಂದು ಬೇಕು: ನೂರು ಪುಟದ ಒಂದು ನೋಟ್‌ಬುಕ್. ಅದರ ಹೆಸರು ತಪ್ಪಿನ ಪುಸ್ತಕ. ಪ್ರತಿ ಎಫ್‌ಎ ಪೇಪರ್ ಕೈಗೆ ಬಂದ ದಿನ ಅಂಕ ನೋಡಿ ಮಡಚಿಡಬೇಡಿ. ತಪ್ಪಾದ ಪ್ರತಿ ಪ್ರಶ್ನೆಯನ್ನು ಎಡಪುಟದಲ್ಲಿ ಬರೆಸಿ, ಬಲಪುಟದಲ್ಲಿ ಸರಿ ಉತ್ತರ, ಕೆಳಗೆ ಒಂದು ಸಾಲಿನಲ್ಲಿ ಯಾಕೆ ತಪ್ಪಾಯಿತು ಅಂತ. "ಗೊತ್ತಿರಲಿಲ್ಲ", "ಪ್ರಶ್ನೆ ಸರಿಯಾಗಿ ಓದಲಿಲ್ಲ", "ಮೈನಸ್ ಬಿಟ್ಟೆ", "ಟೈಮ್ ಸಾಲಲಿಲ್ಲ". ಮೂರು ಎಫ್‌ಎ ಆಗುವಷ್ಟರಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಕಾಣಿಸುತ್ತದೆ. ಒಬ್ಬ ಹುಡುಗನ ಪುಸ್ತಕದಲ್ಲಿ "ಮೈನಸ್ ಬಿಟ್ಟೆ" ಹದಿನೇಳು ಸಲ ಇತ್ತು. ಅವನಿಗೆ ಬೇಕಾಗಿದ್ದದ್ದು ಟ್ಯೂಷನ್ ಅಲ್ಲ, ಮೈನಸ್ ಚಿಹ್ನೆಯನ್ನು ಕೆಂಪು ಪೆನ್ನಲ್ಲಿ ಹಾಕುವ ಒಂದು ತಿಂಗಳ ಅಭ್ಯಾಸ.

ಕೊನೆಯ ಪರೀಕ್ಷೆ ಮುಗಿದ ಮೇಲೆ

ಬೇಸಿಗೆ ರಜೆಯ ಮೊದಲ ಎರಡು ವಾರ ಪುಸ್ತಕ ಮುಟ್ಟಿಸಬೇಡಿ. ಆಮೇಲೆ ಹತ್ತರ ಪುಸ್ತಕ ತರುವ ಮೊದಲು ತಪ್ಪಿನ ಪುಸ್ತಕ ತೆಗೆಸಿ, ಬಲಪುಟಕ್ಕೆ ಒಂದು ಹಾಳೆ ಮುಚ್ಚಿ, ಎಡಪುಟದ ಪ್ರಶ್ನೆಗಳನ್ನು ದಿನಕ್ಕೆ ಎಂಟರ ಹಾಗೆ ಮತ್ತೆ ಮಾಡಿಸಿ. ಒಂಬತ್ತರ ಗಣಿತ, ವಿಜ್ಞಾನದ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. ಪಿಯುಸಿ ಮುಗಿಯುವವರೆಗೂ ಅಟ್ಟದ ಮೇಲೆ ಇರಲಿ.